ಈಗ ಯಾರ ಸರದಿ?

ಕಳೆದ ಭಾನುವಾರ ಸಂಜೆ ಸಾಂತಾಕ್ರೂಜ್ ಪೂರ್ವದ ನಮ್ಮ ಪುಟ್ಟ ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ಇಬ್ಬರು ಹೆಣ್ಣುಮಕ್ಕಳು ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತು ಆಡುತ್ತಿದ್ದರು. ದೊಡ್ಡವಳು ಚಿಕ್ಕವಳ ಕೋಟೆ ಹಿಡಿದಳು. "ನಾನು ನೀರು ಕುಡಿಯಲು ಹೋದಾಗ ನನ್ನ ನಕ್ಷೆ ಕದ್ದು ನೋಡಿದ್ದಾಳೆ" ಎಂದು ಚಿಕ್ಕವಳು ಅಳಲು ಶುರು ಮಾಡಿದಳು. ಅಡುಗೆಮನೆಯಿಂದ ಹೆಂಡತಿ, "ನೋಡಿ, ನೀವೇ ಕಲಿಸಿಕೊಟ್ಟದ್ದು. ಈಗ ನೀವೇ ಸಮಾಧಾನ ಮಾಡಿ" ಎಂದಳು. ಹತ್ತಿ ಬತ್ತಿ ಹೊಸೆಯುತ್ತಿದ್ದ ಅಮ್ಮ ಕೆಲಸ ನಿಲ್ಲಿಸಿ, "ಅಕ್ಕ ತಂಗಿ ಎದುರುಬದುರು ಕೂತು ಆಡಬಾರದು ಮಗಾ. ಎಷ್ಟು ಸಲ ಹೇಳಬೇಕು?" ಎಂದು ಕೇಳಿದರು.

ಇಷ್ಟೆಲ್ಲ ಜಗಳ ತಂದ ಆಟದ ಹೆಸರು 'ಹೀರೋಸ್ ಆಫ್ ಮೈಟ್ ಆಂಡ್ ಮ್ಯಾಜಿಕ್', ಅದರ ಮೂರನೇ ಭಾಗ. ಕ್ಯಾಲಿಫೋರ್ನಿಯಾದ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಎಂಬ ಕಂಪೆನಿ 1999ರಲ್ಲಿ ಹೊರತಂದದ್ದು. ಎಂದರೆ ಆಡುವ ಮಕ್ಕಳಿಗಿಂತ ಆಟಕ್ಕೇ ವಯಸ್ಸು ಹೆಚ್ಚು. ಈ ಆಟದ ಬಗ್ಗೆ ನಮ್ಮ ಮನೆಯಲ್ಲಿ ಐದು ಜನರಿಗೆ ಐದು ಅಭಿಪ್ರಾಯ. ನಾನು ಮುಂಬಯಿಗೆ ಬಂದ ಹೊಸತರಲ್ಲಿದ್ದ ಕಲೀನಾದ ಕೋಣೆಯಲ್ಲೂ ಹಾಗೆಯೇ ಇತ್ತು.

ಗೊತ್ತಿಲ್ಲದವರಿಗೆ ಆಟದ ಕ್ರಮ ಹೇಳಿಬಿಡುತ್ತೇನೆ. ನಿಮಗೊಂದು ಊರು, ಒಬ್ಬ ನಾಯಕ, ಸ್ವಲ್ಪ ಸೈನ್ಯ. ಮರ, ಅದಿರು, ಪಾದರಸ, ಗಂಧಕ, ಹರಳು, ರತ್ನ, ಚಿನ್ನ ಹೀಗೆ ಏಳು ಬಗೆಯ ಸಂಪತ್ತು ಕೂಡಿಸಬೇಕು. ಒಂದು ಊರಿನಲ್ಲಿ ದಿನಕ್ಕೆ ಒಂದೇ ಕಟ್ಟಡ ಕಟ್ಟಬಹುದು. ನಾಯಕ ದಿನಕ್ಕೆ ಇಷ್ಟೇ ದೂರ ನಡೆಯಬಹುದು. ಅಲ್ಲಿಗೆ ನಿಮ್ಮ ಸರದಿ ಮುಗಿಯಿತು, ಇನ್ನು ಎದುರಾಳಿಯದು. ಏಳು ದಿನಕ್ಕೆ ಒಂದು ವಾರ. ವಾರದ ಮೊದಲ ದಿನ ಊರಿಗೆ ಹೊಸ ಸೈನ್ಯ ಬರುತ್ತದೆ. ದೇವದೂತರು, ಡ್ರ್ಯಾಗನ್‌ಗಳು, ಅಸ್ಥಿಪಂಜರಗಳು ಎಲ್ಲ ಇದ್ದರೂ ಒಳಗಿನ ಲೆಕ್ಕಾಚಾರ ಚದುರಂಗದ್ದೇ. ಯಾರೂ ಅವಸರ ಮಾಡುವುದಿಲ್ಲ. ನೀವು ಗುಂಡಿ ಒತ್ತುವವರೆಗೆ ಆಟ ಸುಮ್ಮನೆ ಕಾಯುತ್ತದೆ.

2005ರಲ್ಲಿ ಕಲೀನಾದ ನೆಲಮಾಳಿಗೆಯಲ್ಲಿ ನಾವು ನಾಲ್ವರು ಒಂದು ಕೋಣೆ ಹಂಚಿಕೊಂಡಿದ್ದೆವು. ಕಾರ್ಕಳದ ನಾನು, ಧಾರವಾಡದವನೊಬ್ಬ, ಕಾಸರಗೋಡಿನವನೊಬ್ಬ, ತೀರ್ಥಹಳ್ಳಿಯವನೊಬ್ಬ. ಲ್ಯಾಮಿಂಗ್ಟನ್ ರಸ್ತೆಯಿಂದ ಬಿಡಿಭಾಗ ತಂದು ಜೋಡಿಸಿದ ಒಂದು ಕಂಪ್ಯೂಟರ್ ನಮ್ಮೆಲ್ಲರ ಸೊತ್ತು. ಒಬ್ಬ ತನ್ನ ಸರದಿ ಆಡಿ ಎದ್ದರೆ ಅದೇ ಕುರ್ಚಿಯಲ್ಲಿ ಇನ್ನೊಬ್ಬ ಕೂರಬೇಕು. ಉಳಿದವರು ಗೋಡೆಯ ಕಡೆ ಮುಖ ಮಾಡಬೇಕು. ಆ ಹೊತ್ತಿನಲ್ಲೇ ನಮ್ಮ ಅನ್ನ ಬೇಯುತ್ತಿತ್ತು, ಬಟ್ಟೆಗೆ ಇಸ್ತ್ರಿ ಆಗುತ್ತಿತ್ತು. ಬೇರೆ ಬೇರೆ ಊರಿನ ಸೈನಿಕರನ್ನು ಒಂದೇ ದಳದಲ್ಲಿ ಸೇರಿಸಿದರೆ ಅವರ ಮನೋಬಲ ಕುಸಿಯುತ್ತದೆ ಎಂಬುದು ಆಟದ ಒಂದು ನಿಯಮ. ನಮ್ಮ ಕೋಣೆಯಲ್ಲಿ ಆ ನಿಯಮ ನಡೆಯಲಿಲ್ಲ.

2002ರಲ್ಲಿ ಬಂದಿದ್ದ ನಾಲ್ಕನೇ ಭಾಗದ ಸಿ.ಡಿ.ಯನ್ನು ಧಾರವಾಡದವನು ಎಲ್ಲಿಂದಲೋ ತಂದ ಮೇಲೆ ಕೋಣೆಯಲ್ಲಿ ಎರಡು ಪಕ್ಷವಾಯಿತು. ಮೂರನೇ ಭಾಗದಲ್ಲಿ ನಾಯಕ ತಾನು ಕತ್ತಿ ಹಿಡಿಯುವುದಿಲ್ಲ. ರಣರಂಗದ ಅಂಚಿನಲ್ಲಿದ್ದು ಮಂತ್ರ ಹಾಕುತ್ತಾನೆ, ಅಷ್ಟೆ. ನಾಲ್ಕನೆಯದರಲ್ಲಿ ಅವನೂ ಕಣಕ್ಕಿಳಿಯುತ್ತಾನೆ, ಏಟು ತಿನ್ನುತ್ತಾನೆ, ಸಾಯುತ್ತಾನೆ. "ನಾಯಕ ಅಂದ್ರ ಮುಂದ ನಿಂತು ಹೊಡದಾಡಬೇಕಲೇ. ಹಿಂದ ಕುಂತು ಕೈ ಬೀಸಾಂವ ಎಂಥಾ ನಾಯಕ?" ಎಂದು ಧಾರವಾಡದವನ ವಾದ. ಕಾಸರಗೋಡಿನವನು ತಾಳಮದ್ದಳೆಯ ಹುಚ್ಚ. "ಭಾಗವತರು ಕುಣಿಯುವುದಿಲ್ಲ ಮಾರಾಯಾ, ಆದರೆ ಆಟ ಆಡಿಸುವುದು ಅವರೇ ಅಲ್ವಾ?" ಎಂದು ಅವನ ಉತ್ತರ. ತೀರ್ಥಹಳ್ಳಿಯವನಿಗೆ ನಾಲ್ಕನೆಯದರ ಸಂಗೀತ ಒಂದೇ ಸಾಕು. ಆಡದೆಯೂ ಹಚ್ಚಿಟ್ಟು ಕೇಳುತ್ತಿದ್ದ. ನನ್ನ ಆಕ್ಷೇಪ ಬೇರೆಯದು. ನಾಲ್ಕನೇ ಭಾಗ ಮೊದಲು ಮಾರುಕಟ್ಟೆಗೆ ಬಂದಾಗ ಹಲವರು ಸೇರಿ ಆಡುವ ಸೌಲಭ್ಯವೇ ಅದರಲ್ಲಿರಲಿಲ್ಲ. ಆಮೇಲೆ ಸೇರಿಸಿದರಂತೆ. ಆದರೆ ನಮ್ಮ ಕೈಗೆ ಬಂದದ್ದು ಮೊದಲಿನದು. ನಾಲ್ವರ ಕೋಣೆಗೆ ಒಬ್ಬನೇ ಆಡುವ ಆಟ ಬಂದು ಕೂತಿತು.

ಒಬ್ಬನೇ ಆಡಿದರೆ ಏನಾಗುತ್ತದೆ ಎಂಬುದೂ ನನಗೆ ಗೊತ್ತು. ಉಳಿದವರು ಮಲಗಿದ ಮೇಲೆ ಕಂಪ್ಯೂಟರನ್ನೇ ಎದುರಾಳಿ ಮಾಡಿಕೊಂಡು ಆಡತೊಡಗಿದೆ. ಈ ಆಟದಲ್ಲಿ ಸುಸ್ತಾಗುವುದಿಲ್ಲ, ಬೆರಳು ನೋಯುವುದಿಲ್ಲ. "ಇನ್ನೊಂದೇ ದಿನ, ನಾಳೆ ಗಣಿ ಸಿಗುತ್ತದೆ. ಇನ್ನೊಂದೇ ದಿನ, ನಾಡಿದ್ದು ಸೈನ್ಯ ಬರುತ್ತದೆ" ಎನ್ನುತ್ತಿರುವಾಗ ವಾಕೋಲಾದ ಹಾಲಿನವನ ಸೈಕಲ್ ಗಂಟೆ ಕೇಳಿಸುತ್ತಿತ್ತು. ಆ ವರ್ಷ ಕಚೇರಿಗೆ ಪದೇ ಪದೇ ತಡವಾಗಿ ಹೋಗಿ ಮೂರು ತಿಂಗಳ ಪ್ರೊಬೇಷನ್ ಆರು ತಿಂಗಳಾಯಿತು. ಊರಿಗೆ ಕಳಿಸಬೇಕಾದ ಹಣ ಕಡಿಮೆಯಾಯಿತು. ಅಪ್ಪನಿಗೆ ಬೇರೆ ಕಾರಣ ಹೇಳಿದೆ. ಅವರು ತೀರಿಕೊಳ್ಳುವವರೆಗೂ ನಿಜ ಹೇಳಲಾಗಲಿಲ್ಲ. ಹೆಂಡತಿಗೆ ಈ ಕತೆ ಗೊತ್ತು. ಆದ್ದರಿಂದ ಅವಳು ಆಟವನ್ನು ಬೈದಾಗ ನಾನು ಎದುರು ಮಾತಾಡುವುದಿಲ್ಲ.

ಆಮೇಲೆ ಬಂತು ಜುಲೈ 26. ಅಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ನಮ್ಮ ಪಾಲಿಗೆ ಆ ಅಂಕಿ ಎಂದರೆ ಎದೆಮಟ್ಟದ ನೀರು. ಕಚೇರಿಯಿಂದ ಹೊರಟ ಇಬ್ಬರು ಮರುದಿನ ಬಂದು ತಲುಪಿದರು. ಕಂಪ್ಯೂಟರ್ ಕೆಸರಿನಡಿ ಸೇರಿತು. ದುರಸ್ತಿಗೆಂದು ಕೋಣೆ ಬಿಡಬೇಕಾಯಿತು. ಪರಿಚಯದ ಉಡುಪಿ ಹೋಟೆಲಿನ ಹುಡುಗರು ತಮ್ಮ ಅಟ್ಟದಲ್ಲಿ ಜಾಗ ಮಾಡಿಕೊಟ್ಟರು.

ಈ ಆಟದಲ್ಲಿ ಇನ್ನೊಂದು ನಿಯಮವಿದೆ. ಕೊನೆಯ ಊರೂ ಕೈತಪ್ಪಿದರೆ ನೀವು ಕೂಡಲೇ ಸೋಲುವುದಿಲ್ಲ, ಏಳು ದಿನ ಸಮಯವಿರುತ್ತದೆ. ಅಷ್ಟರೊಳಗೆ ಒಂದು ಊರು ಹಿಡಿದರೆ ಉಳಿದಿರಿ. ಅಟ್ಟದ ಕತ್ತಲಲ್ಲಿ ಮಲಗಿ ಧಾರವಾಡದವನು, "ಇವತ್ತಿಗೆ ಮೂರನೇ ದಿನ. ಇನ್ನ ನಾಕ ದಿನ ಐತ್ರಪಾ" ಎಂದ. ಎಲ್ಲರೂ ನಕ್ಕೆವು. ಕೋಣೆ ಸಿಕ್ಕಿದ್ದು ಒಂಬತ್ತನೇ ದಿನ. ಆಟದ ಲೆಕ್ಕದಲ್ಲಿ ನಾವು ಸೋತಾಗಿತ್ತು. ಆದರೂ ಇಪ್ಪತ್ತು ವರ್ಷಗಳ ಬಳಿಕವೂ ನಾಲ್ವರೂ ಫೋನು ಮಾಡಿದಾಗ ಮೊದಲು ಕೇಳುವುದು, "ಈಗ ಯಾರ ಸರದಿ?"

ಆಟ ಮಾಡಿದ ಕಂಪೆನಿಗೂ ಒಳ್ಳೆಯ ದಿನಗಳು ಉಳಿಯಲಿಲ್ಲ. ಅದರ ಒಡೆತನ ಹೊಂದಿದ್ದ 3ಡಿಓ ಕಂಪೆನಿ 2003ರಲ್ಲಿ ದಿವಾಳಿಯಾಯಿತು. ಹೆಸರಿನ ಹಕ್ಕನ್ನು ಫ್ರಾನ್ಸಿನ ಯೂಬಿಸಾಫ್ಟ್ 13 ಲಕ್ಷ ಡಾಲರಿಗೆ ಕೊಂಡಿತು. 2006ರಲ್ಲಿ ರಷ್ಯಾದವರು ಐದನೇ ಭಾಗ ಮಾಡಿದರು, ಆಮೇಲೆ ಆರು ಮತ್ತು ಏಳೂ ಬಂದವು. ಆದರೆ ಜನ ತಿರುಗಿ ತಿರುಗಿ ಹೋಗುವುದು ಮೂರನೆಯದಕ್ಕೇ. 2015ರಲ್ಲಿ ಅದನ್ನೇ ಹೊಸ ಚಿತ್ರಗಳೊಂದಿಗೆ ಮತ್ತೆ ಹೊರತಂದರು. ವಿಸ್ತರಣೆಗಳ ಮೂಲ ಸಂಕೇತ ಕಳೆದುಹೋಗಿದ್ದರಿಂದ ಅವುಗಳನ್ನು ಸೇರಿಸಲಾಗಲಿಲ್ಲ. ಹಳೆಯ ಆಟಗಾರರು ಆ ಬಗ್ಗೆ ಇಂದಿಗೂ ಗೊಣಗುತ್ತಾರೆ.

ಕೊರೊನಾ ಕಾಲದಲ್ಲಿ ಮನೆಯೊಳಗೆ ಬಂದಿಯಾಗಿದ್ದಾಗ ಮಕ್ಕಳಿಗೆ ಈ ಆಟ ತೋರಿಸಿದೆ. ದೊಡ್ಡವಳ ಪ್ರಕಾರ ಇದು ಬಹಳ ನಿಧಾನ. ಮೊಬೈಲಿನಲ್ಲಿ ಹತ್ತು ನಿಮಿಷಕ್ಕೊಂದು ಯುದ್ಧ ಮುಗಿಸುವವಳಿಗೆ ತಂಗಿ ಯೋಚಿಸುವುದನ್ನು ಕಾಯುತ್ತ ಕೂರುವುದೆಂದರೆ ಶಿಕ್ಷೆ. ಚಿಕ್ಕವಳಿಗೆ ಅದೇ ಇಷ್ಟ. "ಇದರಲ್ಲಿ ಅಕ್ಕ ಕಾಯಲೇಬೇಕು" ಎನ್ನುತ್ತಾಳೆ. ಶಾಲೆಯಲ್ಲಿ, ಲೋಕಲ್ ಟ್ರೇನಿನಲ್ಲಿ, ಮನೆಯಲ್ಲಿ ಎಲ್ಲರಿಗಿಂತ ಹಿಂದೆ ಬೀಳುವ ಹುಡುಗಿ ಅವಳು. ಯಾರೂ ತಳ್ಳದೆ ಅವಳು ಯೋಚಿಸುವುದನ್ನು ನಾನು ನೋಡಿದ್ದು ಈ ಪರದೆಯ ಮುಂದೆಯೇ.

ಅಮ್ಮನ ಭಯಕ್ಕೆ ಮೂಲ ಬೇರೆ. ತುಳುನಾಡಿನಲ್ಲಿ ಆಟಿ ತಿಂಗಳ ಮಳೆಗೆ ಮನೆಯೊಳಗೆ ಕೂತು ಚೆನ್ನೆಮಣೆ ಆಡುತ್ತಾರಲ್ಲ, ಹದಿನಾಲ್ಕು ಕುಳಿಗಳಲ್ಲಿ ಕೆಂಪು ಮಂಜೊಟ್ಟಿ ಬೀಜ ಹಂಚುತ್ತ? ಅದೂ ಸರದಿಯ ಆಟವೇ. ಸಿರಿಯ ಪಾಡ್ದನದಲ್ಲಿ ಅಬ್ಬಗ, ದಾರಗ ಎಂಬ ಅಕ್ಕತಂಗಿಯರು ಚೆನ್ನೆಯಾಡುವಾಗ ಜಗಳವಾಗಿ, ಸೋತವಳು ಮಣೆ ಎತ್ತಿ ಹೊಡೆದು, ಕೊನೆಗೆ ಇಬ್ಬರೂ ಇಲ್ಲವಾಗುತ್ತಾರೆ. ಅದಕ್ಕೇ ಅಕ್ಕತಂಗಿ ಚೆನ್ನೆಯಾಡಬಾರದು ಎನ್ನುತ್ತಾರೆ. ಮೊದಲು ನಾನು ನಗುತ್ತಿದ್ದೆ. ಭಾನುವಾರ ದೊಡ್ಡವಳು ಲ್ಯಾಪ್‌ಟಾಪನ್ನು ಫಟ್ಟನೆ ಮುಚ್ಚಿ ತಂಗಿಯ ಕೈ ಸಿಕ್ಕಿಸಿದಾಗ ನಗು ಬರಲಿಲ್ಲ.

ಹಾಗೆಂದು ಆಟವನ್ನು ಅಳಿಸಿಹಾಕಲು ನನಗೆ ಮನಸ್ಸಾಗಲಿಲ್ಲ. ಇದರ ಗುಣವೂ ದೋಷವೂ ಒಂದೇ, ಅದು ಕಾಯುತ್ತದೆ. ಎದುರಿಗೆ ಮನುಷ್ಯರಿದ್ದರೆ ಆ ಕಾಯುವಿಕೆಯಲ್ಲಿ ಮಾತು ಬರುತ್ತದೆ, ಚಹಾ ಬರುತ್ತದೆ, ಜಗಳವೂ ಬರುತ್ತದೆ. ಎದುರಿಗೆ ಯಂತ್ರ ಮಾತ್ರ ಇದ್ದರೆ ನಿಲ್ಲಿಸು ಎನ್ನುವವರು ಯಾರೂ ಇಲ್ಲ. ಒಬ್ಬರೇ ಆಡಿದರೆ ಚಟ, ಇಬ್ಬರು ಆಡಿದರೆ ಆಟ. ನನ್ನ ತೀರ್ಪು ಇಷ್ಟೇ.

ಆ ರಾತ್ರಿ ಎಲ್ಲರೂ ಕೂತು ಕಟ್ಟಳೆ ಮಾಡಿದೆವು. ಒಬ್ಬರೇ ಆಡುವಂತಿಲ್ಲ, ನಾನೂ ಕೂಡ. ಆಟದ ಏಳು ದಿನ ಮುಗಿದರೆ ಅಂದಿಗೆ ಸಾಕು ಎಂದು ನಾನು ಸೂಚಿಸಿದೆ. ಚಿಕ್ಕವಳು ತಲೆಯಾಡಿಸಿದಳು. "ಏಳನೇ ದಿನ ನಿಲ್ಲಿಸಲಿಕ್ಕೆ ಆಗುವುದಿಲ್ಲ ಪಪ್ಪಾ, ಮರುದಿನ ಸೈನ್ಯ ಬರುತ್ತದಲ್ಲ. ನಾಲ್ಕನೇ ದಿನ ನಿಲ್ಲಿಸೋಣ." ಇಪ್ಪತ್ತು ವರ್ಷಗಳ ಹಿಂದೆ ಇದು ನನಗೆ ಹೊಳೆದಿರಲಿಲ್ಲ.

ಕದ್ದು ನೋಡುವುದನ್ನು ತಡೆಯಲು ಅಮ್ಮನನ್ನು ನಡುವೆ ಕೂರಿಸಿದ್ದೇವೆ. ಹೊಸ ವಾರ ಶುರುವಾದಾಗ ಪರದೆಯ ಮೇಲೆ ಜ್ಯೋತಿಷಿಗಳ ಘೋಷಣೆ ಬರುತ್ತದೆ. ಈ ವಾರ ಯಾವ ಪ್ರಾಣಿಯ ಸಂಖ್ಯೆ ಹೆಚ್ಚುತ್ತದೆ, ಈ ತಿಂಗಳು ರೋಗ ಬಂದು ಎಲ್ಲರ ಸಂಖ್ಯೆ ಅರ್ಧವಾಗುತ್ತದೆಯೇ ಎಂದೆಲ್ಲ. ಅದನ್ನು ಓದಿ ಹೇಳುವಂತೆ ಅಮ್ಮ ಕೇಳುತ್ತಾರೆ, ಬತ್ತಿ ಹೊಸೆಯುತ್ತಲೇ. ಆಮೇಲೆ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿ ಕೇಳುತ್ತಾರೆ, "ಸರಿ, ಈಗ ಯಾರ ಸರದಿ?"