ಪದಕದಿಂದ ಪಣದ ಕಣಕ್ಕೆ

ಒಲಿಂಪಿಕ್ ಕ್ರೀಡಾಕೂಟದಲ್ಲಿ ಚಿನ್ನದ ಪದಕವನ್ನು ಕೊರಳಿಗೆ ಧರಿಸಿ ನಿಂತ ಮುಷ್ಟಿಮಲ್ಲನನ್ನು ಕಂಡಾಗ, ಇವನಿಗಿಂತ ಭಾಗ್ಯಶಾಲಿ ಬೇರೆ ಯಾರಿದ್ದಾರೆ ಎನಿಸುವುದು ಸಹಜ. ತನ್ನ ನಾಡಿನ ಧ್ವಜ ಮೇಲೇರುತ್ತಿರುತ್ತದೆ, ರಾಷ್ಟ್ರಗೀತೆ ಮೊಳಗುತ್ತಿರುತ್ತದೆ, ಮರುದಿನದ ಪತ್ರಿಕೆಗಳಲ್ಲೆಲ್ಲ ಅವನದೇ ಚಿತ್ರ. ಆದರೆ ಉತ್ಸವ ಮುಗಿದು, ಹಾರ ತುರಾಯಿಗಳು ಬಾಡಿದ ಮೇಲೆ, ಅವನ ಮನೆಯಲ್ಲಿ ಏಳುವ ಪ್ರಶ್ನೆ ಬೇರೆಯೇ. ಮುಂದೇನು? ಪದಕವನ್ನು ಗೋಡೆಗೆ ತೂಗುಹಾಕಬಹುದು. ಅದರಿಂದ ಒಲೆ ಉರಿಯುವುದಿಲ್ಲ.

ಆಗ ಅವನ ಮುಂದೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಹವ್ಯಾಸಿಯಾಗಿಯೇ ಉಳಿದು, ಎಲ್ಲಿಯಾದರೂ ಒಂದು ನೌಕರಿ ಹಿಡಿದು, ಮತ್ತೆ ನಾಲ್ಕು ವರ್ಷಗಳ ನಂತರದ ಕ್ರೀಡಾಕೂಟಕ್ಕೆ ಸಿದ್ಧನಾಗುವುದು ಒಂದು. ಹಣಕ್ಕಾಗಿ ಹೋರಾಡುವ ವೃತ್ತಿಪರರ ಕಣಕ್ಕೆ ಇಳಿಯುವುದು ಇನ್ನೊಂದು. ಹವ್ಯಾಸಿಗಳಲ್ಲಿ ಜಗತ್ತಿಗೇ ಮೊದಲಿಗನಾದವನು ವೃತ್ತಿಪರರಲ್ಲಿಯೂ ಮೊದಲಿಗನಾಗುವುದು ಏನು ಮಹಾ ಕಷ್ಟ ಎಂದು ಜನ ಕೇಳುತ್ತಾರೆ. ಮುಷ್ಟಿಯುದ್ಧದ ಇತಿಹಾಸವನ್ನು ತಿರುವಿ ಹಾಕಿದವರು ಈ ಪ್ರಶ್ನೆಗೆ ಅಷ್ಟು ಸುಲಭವಾಗಿ ಉತ್ತರ ಕೊಡಲಾರರು.

ಆಟ ಒಂದೇ, ಲೋಕ ಎರಡು

ಒಲಿಂಪಿಕ್ ಕಾಳಗ ಮೂರು ಸುತ್ತುಗಳದು. ಸುತ್ತಿಗೆ ಮೂರು ನಿಮಿಷ. ಒಂಬತ್ತು ನಿಮಿಷಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ವೃತ್ತಿಪರರ ವಿಶ್ವಪಟ್ಟದ ಕಾಳಗವಾದರೋ ಹಿಂದೆ ಹದಿನೈದು ಸುತ್ತುಗಳದಾಗಿತ್ತು, ಈಗ ಹನ್ನೆರಡು. ಈ ಕಡಿತಕ್ಕೂ ಒಂದು ದುಃಖದ ಹಿನ್ನೆಲೆಯುಂಟು. 1982ರ ನವೆಂಬರಿನಲ್ಲಿ ಕೊರಿಯದ ಡುಕ್ ಕೂ ಕಿಮ್ ಎಂಬ ತರುಣನು ಅಮೆರಿಕದ ರೇ ಮಾನ್ಸಿನಿಯೊಡನೆ ಹೋರಾಡುತ್ತ ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದನು. ಕೆಲವೇ ದಿನಗಳಲ್ಲಿ ಪ್ರಾಣಬಿಟ್ಟನು. ಆ ಸಾವಿನ ಬಳಿಕವೇ ವಿಶ್ವ ಮುಷ್ಟಿಯುದ್ಧ ಮಂಡಲಿಯು ಸುತ್ತುಗಳನ್ನು ಹನ್ನೆರಡಕ್ಕೆ ಇಳಿಸಿತು. ಉಳಿದ ಸಂಸ್ಥೆಗಳೂ ಕ್ರಮೇಣ ಅದೇ ದಾರಿ ಹಿಡಿದವು.

ಹವ್ಯಾಸಿಯು ತೊಡುವ ಗ್ಲೌಸು ಹತ್ತು ಅಥವಾ ಹನ್ನೆರಡು ಔನ್ಸಿನದು. ವೃತ್ತಿಪರನದು ಎಂಟು ಅಥವಾ ಹತ್ತು ಔನ್ಸಿನದು. 1984ರಿಂದ 2012ರವರೆಗಿನ ಒಲಿಂಪಿಕ್‌ಗಳಲ್ಲಿ ಹವ್ಯಾಸಿಗೆ ತಲೆಗವಸಿನ ರಕ್ಷಣೆಯೂ ಇತ್ತು. ವೃತ್ತಿಪರನಿಗೆ ಅದು ಎಂದೂ ಇಲ್ಲ. ಅಂಕ ಕೊಡುವ ಬಗೆಯಲ್ಲಿಯೂ ವ್ಯತ್ಯಾಸವಿತ್ತು. 1992ರಿಂದ 2012ರವರೆಗೆ ಒಲಿಂಪಿಕ್ ತೀರ್ಪುಗಾರರು ಯಂತ್ರದ ಗುಂಡಿಯೊತ್ತಿ ಏಟುಗಳನ್ನು ಎಣಿಸುತ್ತಿದ್ದರು. ತಲೆಗೆ ಚುರುಕಾಗಿ ತಾಗಿದ ಏಟಿಗೂ ಒಂದು ಅಂಕ. ಎದುರಾಳಿಯನ್ನು ನೆಲಕ್ಕುರುಳಿಸಿದ ಏಟಿಗೂ ಅದೇ ಒಂದು ಅಂಕ! ಹೀಗಾಗಿ ತಾಗಿಸಿ ತಪ್ಪಿಸಿಕೊಳ್ಳುವ ಚಮತ್ಕಾರವನ್ನೇ ಹುಡುಗರು ಬಾಲ್ಯದಿಂದ ರೂಢಿಸಿಕೊಂಡರು. ವೃತ್ತಿಪರನ ವಿದ್ಯೆ ಬೇರೆ. ಅವನು ಮೊದಲ ಸುತ್ತುಗಳಲ್ಲಿ ಪಕ್ಕೆಗೂ ಹೊಟ್ಟೆಗೂ ಬಡಿಯುತ್ತಾನೆ. ಒಂಬತ್ತನೆಯ, ಹತ್ತನೆಯ ಸುತ್ತಿಗೆ ಎದುರಾಳಿಯ ಉಸಿರು ಕಟ್ಟಿ, ಕೈಗಳು ತಾವಾಗಿಯೇ ಇಳಿಯುತ್ತವೆ. ಸಾಲ ಕೊಟ್ಟವನು ಬಡ್ಡಿಗೆ ಕಾಯುವಂತೆ ಅವನು ಆ ಹೊತ್ತಿಗೆ ಕಾಯುತ್ತಾನೆ.

ಒಂದೇ ಪದಕ, ಎರಡು ದಾರಿ

ಇದಕ್ಕೆ ಅತ್ಯುತ್ತಮ ನಿದರ್ಶನವೆಂದರೆ 1957ರ ಆಗಸ್ಟ್ 22ರಂದು ಅಮೆರಿಕದ ಸಿಯಾಟಲ್ ನಗರದಲ್ಲಿ ನಡೆದ ಕಾಳಗ. ಆ ರಾತ್ರಿ ಎದುರುಬದುರಾಗಿ ನಿಂತ ಇಬ್ಬರೂ ಒಲಿಂಪಿಕ್ ಚಿನ್ನ ಗೆದ್ದವರೇ. ಒಬ್ಬನು ಹೆವಿವೇಯ್ಟ್ ವಿಶ್ವವಿಜೇತನಾದ ಫ್ಲಾಯ್ಡ್ ಪ್ಯಾಟರ್ಸನ್; ಇನ್ನೊಬ್ಬನು ಪೀಟ್ ರಾಡೆಮಾಕರ್.

ನ್ಯೂಯಾರ್ಕಿನ ಬ್ರೂಕ್ಲಿನ್ ಬಡಾವಣೆಯ ಬಡಕುಟುಂಬದ ಹುಡುಗ ಪ್ಯಾಟರ್ಸನ್ ಹದಿನೇಳನೆಯ ವಯಸ್ಸಿನಲ್ಲಿಯೇ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮಿಡಲ್‌ವೇಯ್ಟ್ ಚಿನ್ನವನ್ನು ಗೆದ್ದನು. ಅದೇ ವರ್ಷ ವೃತ್ತಿಗೆ ಇಳಿದನು. ಅವನ ಗುರು ಕಸ್ ಡಿಅಮಾಟೊ ಆತುರಗಾರನಲ್ಲ. ನಾಲ್ಕು ವರ್ಷಗಳ ಕಾಲ ಒಬ್ಬರಾದ ಮೇಲೊಬ್ಬರಂತೆ, ಕ್ರಮೇಣ ಬಲಶಾಲಿಗಳಾದ ಎದುರಾಳಿಗಳನ್ನು ತಂದು ನಿಲ್ಲಿಸಿದನು. ನಡುವೆ ಒಂದು ಸೋಲೂ ಆಯಿತು. ಅದೂ ಒಂದು ಪಾಠವೇ. ಮೂವತ್ತಕ್ಕೂ ಹೆಚ್ಚು ಕಾಳಗಗಳು ಕಳೆದ ಮೇಲೆ, 1956ರ ನವೆಂಬರಿನಲ್ಲಿ ಶಿಕಾಗೋ ನಗರದಲ್ಲಿ ಅನುಭವಿಯಾದ ಆರ್ಚಿ ಮೂರ್‌ನನ್ನು ಐದನೆಯ ಸುತ್ತಿನಲ್ಲಿ ಉರುಳಿಸಿ ಪ್ಯಾಟರ್ಸನ್ ವಿಶ್ವಪಟ್ಟವನ್ನೇರಿದನು. ಆಗ ಅವನಿಗೆ ಇಪ್ಪತ್ತೊಂದೇ ವರ್ಷ.

ಹೆಚ್ಚು ಕಡಿಮೆ ಅದೇ ದಿನಗಳಲ್ಲಿ, ಭೂಮಿಯ ಮತ್ತೊಂದು ತುದಿಯ ಮೆಲ್ಬರ್ನ್ ನಗರದಲ್ಲಿ, ಅಮೆರಿಕದ ಸೈನ್ಯಾಧಿಕಾರಿಯಾಗಿದ್ದ ರಾಡೆಮಾಕರ್ ರಷ್ಯದ ಲೆವ್ ಮುಖಿನ್‌ನನ್ನು ಮೊದಲ ಸುತ್ತಿನಲ್ಲಿಯೇ ಕೆಡವಿ ಹೆವಿವೇಯ್ಟ್ ಚಿನ್ನವನ್ನು ಗೆದ್ದನು. ಅವನ ತಲೆಯಲ್ಲಿ ಒಂದು ಅದ್ಭುತವಾದ ಯೋಚನೆ ಹುಟ್ಟಿತು. ಮೆಟ್ಟಲುಗಳನ್ನು ಒಂದೊಂದಾಗಿ ಹತ್ತುವುದೇಕೆ? ಮೊದಲನೆಯ ವೃತ್ತಿಕಾಳಗವೇ ವಿಶ್ವಪಟ್ಟಕ್ಕಾಗಿ ಏಕಾಗಬಾರದು? ಜಾರ್ಜಿಯಾ ರಾಜ್ಯದ ವರ್ತಕರು ಕೆಲವರು ಅವನ ಬೆನ್ನಿಗೆ ನಿಂತರು. ಪ್ಯಾಟರ್ಸನ್ನನಿಗೆ ಎರಡೂವರೆ ಲಕ್ಷ ಡಾಲರುಗಳ ಖಾತರಿ ದೊರೆಯಿತು. ಕಾಳಗ ಗೊತ್ತಾಯಿತು.

ಎರಡನೆಯ ಸುತ್ತಿನಲ್ಲಿ ನಡೆದದ್ದನ್ನು ನೋಡಿದವರಿಗೆ ತಮ್ಮ ಕಣ್ಣನ್ನು ತಾವೇ ನಂಬಲಾಗಲಿಲ್ಲ. ರಾಡೆಮಾಕರನ ಬಲಗೈ ಏಟಿಗೆ ವಿಶ್ವವಿಜೇತನು ನೆಲಕ್ಕೆ ಬಿದ್ದನು! ಇಪ್ಪತ್ತೆಂಟು ವರ್ಷದ ಹವ್ಯಾಸಿಯ ಕನಸು ಒಂದು ಕ್ಷಣ ನನಸಾಗುವಂತೆ ತೋರಿತು. ಆದರೆ ಪ್ಯಾಟರ್ಸನ್ ಎದ್ದನು. ಬಿದ್ದು ಏಳುವುದು ಹೇಗೆ, ಕಾಲು ನಡುಗುವಾಗ ಹೊತ್ತು ಕಳೆಯುವುದು ಹೇಗೆ ಎಂಬುದನ್ನು ಅವನು ನಾಲ್ಕು ವರ್ಷಗಳಲ್ಲಿ ಕಲಿತಿದ್ದನು. ರಾಡೆಮಾಕರನಿಗೆ ಆ ಪಾಠವನ್ನು ಕಲಿಯುವ ಅವಕಾಶವೇ ಬಂದಿರಲಿಲ್ಲ. ಮುಂದಿನ ಸುತ್ತುಗಳಲ್ಲಿ ಅವನು ಮತ್ತೆ ಮತ್ತೆ ನೆಲ ಕಂಡನು. ಆರನೆಯ ಸುತ್ತಿನಲ್ಲಿ ಎಲ್ಲವೂ ಮುಗಿಯಿತು. ಪದಕ ಇಬ್ಬರಿಗೂ ಇತ್ತು. ಪದಕದಿಂದ ಪಟ್ಟದವರೆಗಿನ ದಾರಿಯನ್ನು ನಡೆದಿದ್ದವನು ಒಬ್ಬನೇ.

ಮರುವರ್ಷ ಜೋರಾ ಫೋಲಿ ಎಂಬವನೂ ರಾಡೆಮಾಕರನನ್ನು ನಾಲ್ಕನೆಯ ಸುತ್ತಿನಲ್ಲಿ ಕೆಡವಿದನು. ಒಟ್ಟು ಇಪ್ಪತ್ತಮೂರು ಕಾಳಗಗಳಲ್ಲಿ ಹದಿನೈದನ್ನು ಗೆದ್ದು, 1962ರಲ್ಲಿ ಅವನು ಕಣದಿಂದ ಹಿಂದೆಗೆದನು. ಉದ್ಯಮದಲ್ಲಿ ತೊಡಗಿ ಗೌರವದಿಂದ ಬಾಳಿದನು. ಅವನು 2020ರಲ್ಲಿ ತೀರಿಕೊಂಡಾಗ ವಯಸ್ಸು ತೊಂಬತ್ತೊಂದು. ಮುಪ್ಪಿನಲ್ಲಿ ಮರೆವಿನ ರೋಗ ಅವನನ್ನು ಆವರಿಸಿತ್ತು.

ಜೋಡಿ ಕಟ್ಟುವ ಜಾಣ್ಮೆ

ದಸರಾ ಕುಸ್ತಿಗಳನ್ನು ನೋಡಿದವರಿಗೆ ಜೋಡಿ ಕಟ್ಟುವುದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ವೃತ್ತಿಪರ ಮುಷ್ಟಿಯುದ್ಧದಲ್ಲಿ ಯಾರ ಎದುರಿಗೆ ಯಾರನ್ನು, ಯಾವಾಗ ನಿಲ್ಲಿಸಬೇಕು ಎಂಬುದೇ ಒಂದು ಶಾಸ್ತ್ರ. ಈ ಶಾಸ್ತ್ರದ ಫಲವನ್ನು ಸಂಪೂರ್ಣವಾಗಿ ಉಂಡವನು ಅಮೆರಿಕದ ಶುಗರ್ ರೇ ಲಿಯೊನಾರ್ಡ್.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ಲಿಯೊನಾರ್ಡನಿಗೆ ವೃತ್ತಿಗಿಳಿಯುವ ಮನಸ್ಸಿರಲಿಲ್ಲ. ಕಾಲೇಜು ಸೇರಿ ಓದಬೇಕೆಂದಿದ್ದನು. ಆದರೆ ಮನೆಯಲ್ಲಿ ತಂದೆ ಕಾಯಿಲೆ ಬಿದ್ದರು. ತಾಯಿಯ ಆರೋಗ್ಯವೂ ಕೆಟ್ಟಿತು. ಹುಡುಗನು ಗ್ಲೌಸನ್ನು ಮತ್ತೆ ತೊಟ್ಟನು. ಅವನ ಹಿತೈಷಿಯಾದ ವಕೀಲ ಮೈಕ್ ಟ್ರೇನರ್, ಯಾವ ಧನಿಕ ವ್ಯವಸ್ಥಾಪಕನಿಗೂ ಅವನನ್ನು ಒತ್ತೆ ಇಡಗೊಡಲಿಲ್ಲ. ಇಪ್ಪತ್ತನಾಲ್ಕು ಮಂದಿ ಪರಿಚಿತರಿಂದ ಇಪ್ಪತ್ತೊಂದು ಸಾವಿರ ಡಾಲರುಗಳನ್ನು ಬಡ್ಡಿಗೆ ಸಾಲ ತಂದು, ಲಿಯೊನಾರ್ಡನ ಹೆಸರಿನಲ್ಲಿಯೇ ಒಂದು ಕಂಪೆನಿಯನ್ನು ಸ್ಥಾಪಿಸಿದನು. 1977ರ ಫೆಬ್ರವರಿಯಲ್ಲಿ ಬಾಲ್ಟಿಮೋರಿನಲ್ಲಿ ನಡೆದ ಮೊದಲ ಕಾಳಗದಲ್ಲಿಯೇ ಸುಮಾರು ನಲವತ್ತು ಸಾವಿರ ಡಾಲರು ಬಂತು, ಸಾಲ ತೀರಿತು. ಅಂದಿನಿಂದ ಲಿಯೊನಾರ್ಡನು ತನಗೆ ತಾನೇ ಒಡೆಯ.

ಈ ಸಂಗತಿಯ ಬೆಲೆ ತಿಳಿಯಬೇಕಾದರೆ ವೃತ್ತಿಯ ಲೆಕ್ಕಾಚಾರವನ್ನು ಸ್ವಲ್ಪ ನೋಡಬೇಕು. ಪಣದ ಹಣವೆಲ್ಲ ಹೋರಾಡಿದವನ ಕೈ ಸೇರುವುದಿಲ್ಲ. ವ್ಯವಸ್ಥಾಪಕನು ಮೂರರಲ್ಲೊಂದು ಪಾಲಿನವರೆಗೂ ಕೇಳಬಹುದು. ತರಬೇತುಗಾರನಿಗೆ ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲು. ಆಮೇಲೆ ತೆರಿಗೆ, ಪ್ರವಾಸ, ವೈದ್ಯರ ವೆಚ್ಚ. ಹೊಸಬನು ಆತುರದಲ್ಲಿ ರುಜು ಹಾಕಿದ ಕರಾರುಪತ್ರ ಅವನ ಯೌವನವನ್ನೇ ಕಟ್ಟಿಹಾಕಬಲ್ಲದು.

ಎದುರಾಳಿಗಳನ್ನು ಆರಿಸುವ ಕೆಲಸವನ್ನು ಲಿಯೊನಾರ್ಡನಿಗಾಗಿ ವಹಿಸಿಕೊಂಡವನು ಏಂಜೆಲೊ ಡಂಡಿ. ಹಿಂದೆ ಮಹಮ್ಮದ್ ಅಲಿಯನ್ನು ತಯಾರಿಸಿದವನು. ಒಬ್ಬ ಎಡಗೈಯವನು, ಒಬ್ಬ ಎತ್ತರದವನು, ಒಬ್ಬ ಹಟಮಾರಿ, ಒಬ್ಬ ಮೋಸಗಾರ, ಹೀಗೆ ಪ್ರತಿಯೊಬ್ಬನಿಂದಲೂ ಹುಡುಗನು ಒಂದೊಂದು ಪಾಠ ಕಲಿಯುವಂತೆ ಜೋಡಿ ಕಟ್ಟುವುದೇ ಇಂಥ ಗುರುವಿನ ಜಾಣ್ಮೆ. 1979ರ ನವೆಂಬರಿನಲ್ಲಿ, ತನ್ನ ಇಪ್ಪತ್ತಾರನೆಯ ಕಾಳಗದಲ್ಲಿ, ಲಿಯೊನಾರ್ಡನು ವಿಲ್‌ಫ್ರೆಡ್ ಬೆನಿಟೆಜನನ್ನು ಸೋಲಿಸಿ ವಿಶ್ವವಿಜೇತನಾದನು.

ಅಪೂರ್ವ ಪ್ರತಿಭೆಗೂ ಒಂದು ಪಾಠ

ಆದರೆ ಅಸಾಮಾನ್ಯ ಪ್ರತಿಭೆಗೆ ಈ ಮೆಟ್ಟಲುಗಳು ಬೇಕೆ? ಈ ಪ್ರಶ್ನೆಯನ್ನು ಉಕ್ರೇನಿನ ವಾಸಿಲ್ ಲೊಮಚೆಂಕೊ ಹೊಸದಾಗಿ ಎತ್ತಿದನು. 2008 ಮತ್ತು 2012ರ ಒಲಿಂಪಿಕ್‌ಗಳಲ್ಲಿ ಎರಡು ಚಿನ್ನ. ಹವ್ಯಾಸಿಯಾಗಿ 396 ಗೆಲುವುಗಳಿಗೆ ಒಂದೇ ಸೋಲು ಎಂಬ ಖ್ಯಾತಿ. ತಂದೆ ಅನತೊಲಿಯೇ ಗುರು. ಕಾಲಿನ ಲಯ ಕುದುರಲೆಂದು ಮಗನನ್ನು ಚಿಕ್ಕಂದಿನಲ್ಲಿ ಗ್ಲೌಸಿನಿಂದ ದೂರವಿಟ್ಟು ಜನಪದ ನೃತ್ಯದ ಶಾಲೆಗೆ ಕಳುಹಿಸಿದ ವಿಚಿತ್ರ ಮನುಷ್ಯ. 2013ರ ಅಕ್ಟೋಬರಿನಲ್ಲಿ ಲೊಮಚೆಂಕೊ ಮೊದಲ ವೃತ್ತಿಕಾಳಗವನ್ನು ಸುಲಭವಾಗಿ ಗೆದ್ದನು. ಎರಡನೆಯದೇ ವಿಶ್ವಪಟ್ಟಕ್ಕಾಗಿ!

2014ರ ಮಾರ್ಚ್ 1ರಂದು ಸ್ಯಾನ್ ಆಂಟೋನಿಯೊ ನಗರದಲ್ಲಿ ಎದುರಾದವನು ಮೆಕ್ಸಿಕೊದ ಒರ್ಲಾಂಡೊ ಸಲಿಡೊ. ಅವನಿಗೆ ಯಾವ ಪದಕವೂ ಇರಲಿಲ್ಲ. ಹದಿಹರೆಯದಲ್ಲಿಯೇ ಹೊಟ್ಟೆಪಾಡಿಗಾಗಿ ಕಣಕ್ಕಿಳಿದು, ಆವರೆಗೆ ಹನ್ನೆರಡು ಬಾರಿ ಸೋತಿದ್ದವನು. ಆದರೆ ಕಣದ ಒಳಮರ್ಮವೆಲ್ಲ ಅವನಿಗೆ ಕರಗತವಾಗಿತ್ತು. ತೂಕದ ಮಿತಿಯನ್ನು ಮೀರಿ ಬಂದನು. ಅದಕ್ಕಾಗಿ ತಕ್ಕಡಿಯ ಮೇಲೆಯೇ ಪಟ್ಟವನ್ನು ಕಳೆದುಕೊಂಡನು. ಆದರೂ ಭಾರವಾದ ಮೈಯ ಲಾಭವನ್ನು ಉಳಿಸಿಕೊಂಡನು. ಅಪ್ಪಿ ಹಿಡಿದನು, ಒರಗಿದನು, ಪಕ್ಕೆಗೆ ಬಡಿದನು, ಸೊಂಟದ ಕೆಳಗೂ ಬಡಿದನು. ಲೊಮಚೆಂಕೊ ಎಚ್ಚೆತ್ತುಕೊಂಡು ಕೊನೆಯ ಸುತ್ತಿನಲ್ಲಿ ಸಲಿಡೊನನ್ನು ತತ್ತರಿಸುವಂತೆ ಮಾಡಿದನಾದರೂ ಹೊತ್ತು ಮೀರಿತ್ತು. ಮೂವರು ತೀರ್ಪುಗಾರರಲ್ಲಿ ಇಬ್ಬರು ಸಲಿಡೊನನ್ನು ಎತ್ತಿಹಿಡಿದರು.

ಮುಂದಿನ ಕಥೆ ಇನ್ನೂ ರೋಚಕ. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಲೊಮಚೆಂಕೊ ಗ್ಯಾರಿ ರಸೆಲ್‌ನನ್ನು ಸೋಲಿಸಿ, ಮೂರನೆಯ ಕಾಳಗದಲ್ಲಿಯೇ ವಿಶ್ವವಿಜೇತನಾದನು. ಹನ್ನೆರಡು ಕಾಳಗಗಳೊಳಗೆ ಮೂರು ತೂಕಗಳ ಪಟ್ಟಗಳು ಅವನವಾದವು. ಇಪ್ಪತ್ತೊಂದು ಕಾಳಗಗಳಲ್ಲಿ ಹದಿನೆಂಟನ್ನು ಗೆದ್ದು 2025ರಲ್ಲಿ ನಿವೃತ್ತನಾದನು. ಪ್ರತಿಭೆಯು ಮೆಟ್ಟಲುಗಳ ಸಂಖ್ಯೆಯನ್ನು ಕಡಿಮೆ ಮಾಡೀತು. ಮೆಟ್ಟಲುಗಳೇ ಬೇಡವೆಂದು ಮಾತ್ರ ಹೇಳಲಾರದು.

ತಡವೂ ತೊಡಕೇ

ಹಾಗೆಂದು ನಿಧಾನವೇ ಮದ್ದೆಂದು ತಿಳಿಯುವಂತಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅತಿಭಾರದ ವರ್ಗದ ಚಿನ್ನ ಗೆದ್ದ ಇಂಗ್ಲೆಂಡಿನ ಆಡ್ಲಿ ಹ್ಯಾರಿಸನ್ ವೃತ್ತಿಗಿಳಿದಾಗ ಬಿ.ಬಿ.ಸಿ.ಯೇ ದೊಡ್ಡ ಮೊತ್ತದ ಕರಾರು ಮಾಡಿಕೊಂಡಿತು. ಆದರೆ ಆ ವೇಳೆಗೆ ಅವನಿಗೆ ಇಪ್ಪತ್ತೊಂಬತ್ತು ವರ್ಷ. ವರ್ಷಗಳು ದುರ್ಬಲರಾದ ಎದುರಾಳಿಗಳೊಡನೆ ಕಳೆದವು. ಜನರ ಉತ್ಸಾಹ ಬೇಸರಕ್ಕೆ ತಿರುಗಿತು. 2005ರಲ್ಲಿ ಡ್ಯಾನಿ ವಿಲಿಯಮ್ಸ್ ಎಂಬವನಿಂದ ಮೊದಲ ಸೋಲು. ಕೊನೆಗೆ 2010ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ವಿಶ್ವಪಟ್ಟಕ್ಕಾಗಿ ಡೇವಿಡ್ ಹೇ ಎದುರು ನಿಂತಾಗ ಮೂರನೆಯ ಸುತ್ತನ್ನು ದಾಟಲಾಗಲಿಲ್ಲ. ಹಣ್ಣು ಮಾಗುವ ಮೊದಲು ಕಿತ್ತರೆ ಒಗರು. ಮರದಲ್ಲಿಯೇ ಬಿಟ್ಟರೆ ಹಕ್ಕಿಯ ಪಾಲು.

ಈ ದಾರಿಯನ್ನೇ ತುಳಿಯದವರೂ ಉಂಟು. 1972, 1976 ಮತ್ತು 1980ರಲ್ಲಿ ಮೂರು ಚಿನ್ನಗಳನ್ನು ಗೆದ್ದ ಕ್ಯೂಬಾದ ತಿಯೋಫಿಲೊ ಸ್ಟೀವನ್ಸನ್ನನಿಗೆ, ಮಹಮ್ಮದ್ ಅಲಿಯೊಡನೆ ಸೆಣಸಲು ಲಕ್ಷಾಂತರ ಡಾಲರುಗಳ ಆಸೆ ತೋರಿಸಲಾಗಿತ್ತು. ಅವನು ಒಪ್ಪಲಿಲ್ಲ, ತನ್ನ ನಾಡಿನವರ ಪ್ರೀತಿಯೇ ಸಾಕೆಂದು ಹವಾನಾದಲ್ಲಿಯೇ ಉಳಿದು, 2012ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದನು.

ನಮ್ಮವನೊಬ್ಬನ ಪ್ರಯೋಗ

ಭಾರತಕ್ಕೆ ಮುಷ್ಟಿಯುದ್ಧದಲ್ಲಿ ಮೊದಲ ಒಲಿಂಪಿಕ್ ಪದಕವನ್ನು ತಂದವನು ಹರಿಯಾಣದ ವಿಜೇಂದರ್ ಸಿಂಗ್. 2008ರ ಬೀಜಿಂಗಿನಲ್ಲಿ ಗೆದ್ದ ಕಂಚು. ನಮ್ಮಲ್ಲಿ ಪದಕ ಗೆದ್ದ ಮುಷ್ಟಿಮಲ್ಲನಿಗೆ ಸೈನ್ಯ, ರೈಲ್ವೆ ಅಥವಾ ಪೋಲೀಸು ಇಲಾಖೆಯಲ್ಲಿ ನೌಕರಿ ದೊರೆಯುವುದು ವಾಡಿಕೆ. ತಿಂಗಳ ಸಂಬಳದ ನೆಮ್ಮದಿ ಏನೆಂಬುದು ಮಧ್ಯಮ ವರ್ಗದ ಮನೆಗಳಿಗೆ ಚೆನ್ನಾಗಿ ಗೊತ್ತು. ಹರಿಯಾಣದ ಪೋಲೀಸು ಇಲಾಖೆಯಲ್ಲಿ ಹುದ್ದೆಯಿದ್ದ ವಿಜೇಂದರ್, ಮೂವತ್ತರ ಹೊಸ್ತಿಲಲ್ಲಿ, 2015ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ವೃತ್ತಿಪರ ಕಣಕ್ಕೆ ಕಾಲಿಟ್ಟನು. 2016ರ ಜುಲೈನಲ್ಲಿ ದಿಲ್ಲಿಯ ಸ್ವದೇಶೀ ಪ್ರೇಕ್ಷಕರ ಮುಂದೆ ಕೆರಿ ಹೋಪ್‌ನನ್ನು ಹತ್ತು ಸುತ್ತುಗಳ ಕಾಳಗದಲ್ಲಿ ಸೋಲಿಸಿ ಏಷ್ಯಾ ಪೆಸಿಫಿಕ್ ಪಟ್ಟವನ್ನು ಗಳಿಸಿದನು. ಹನ್ನೆರಡು ಗೆಲುವುಗಳ ಸರಪಳಿ 2021ರಲ್ಲಿ ಗೋವೆಯಲ್ಲಿ, ರಷ್ಯದ ಆರ್ತಿಶ್ ಲೊಪ್ಸನ್ನನ ಕೈಯಲ್ಲಿ ತುಂಡಾಯಿತು. ವಿಶ್ವಪಟ್ಟದ ಹತ್ತಿರಕ್ಕೆ ಅವನು ಹೋಗಲಾಗಲಿಲ್ಲ. ಆದರೂ ಭಾರತೀಯ ತರುಣನೊಬ್ಬನಿಗೆ ಈ ದಾರಿ ಇದೆ ಎಂಬುದನ್ನು ತೋರಿಸಿಕೊಟ್ಟ ಕೀರ್ತಿ ಅವನದೇ.

ಹಾಗಾದರೆ ಪದಕ ಗೆದ್ದ ಹುಡುಗನ ಮನೆಯವರು ಕೇಳಬೇಕಾದ ಪ್ರಶ್ನೆ ಎಷ್ಟು ಹಣ ಬರುತ್ತದೆ ಎಂಬುದಲ್ಲ. ಅವನಿಗೆ ಕಲಿಯಲು ಇನ್ನೂ ವಯಸ್ಸಿದೆಯೆ? ಅವನ ಜೋಡಿಗಳನ್ನು ಆರಿಸುವವನು ಯಾರು? ಆರಿಸುವವನಿಗೆ ಬೇಕಾದದ್ದು ಹುಡುಗನ ಏಳಿಗೆಯೊ, ಒಂದು ರಾತ್ರಿಯ ಟಿಕೆಟ್ಟಿನ ಹಣವೊ? ಕರಾರುಪತ್ರವನ್ನು ಓದಿ ಹೇಳುವ ಒಬ್ಬ ಪ್ರಾಮಾಣಿಕ ಮನುಷ್ಯನಿದ್ದಾನೆಯೆ? ಸಾಕು ಎಂದು ಸಕಾಲದಲ್ಲಿ ಟವಲು ಎಸೆಯುವ ಧೈರ್ಯ ಮೂಲೆಯಲ್ಲಿ ನಿಂತವನಿಗಿದೆಯೆ? ಈ ಪ್ರಶ್ನೆಗಳಿಗೆ ಸಮಾಧಾನಕರವಾದ ಉತ್ತರ ದೊರೆತರೆ ಹುಡುಗನು ಧೈರ್ಯವಾಗಿ ಹೊಸ ಕಣಕ್ಕೆ ಇಳಿಯಬಹುದು. ದೊರೆಯದಿದ್ದರೆ, ತಿಂಗಳ ಸಂಬಳವನ್ನೂ ಗೋಡೆಯ ಮೇಲಿನ ಪದಕವನ್ನೂ ನೆಚ್ಚಿಕೊಂಡು ಊರಿನ ಎಳೆಯರಿಗೆ ವಿದ್ಯೆ ಕಲಿಸುವುದೂ ಕಡಿಮೆ ಗೌರವದ ಬಾಳಲ್ಲ.