ತೋಟದ ಮಕ್ಕಳು ಕಾಲೇಜಿಗೆ

ಮಲೆನಾಡಿನಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಕಾಲೇಜುಗಳ ಚಿಂತೆಯೂ ಹಿಡಿಯುತ್ತದೆ. ಕಳಸ, ಮೂಡಿಗೆರೆಗಳ ಹುಡುಗ ಹುಡುಗಿಯರು ಪೆಟ್ಟಿಗೆ ಹಾಸಿಗೆಗಳೊಡನೆ ಚಿಕ್ಕಮಗಳೂರು, ಶಿವಮೊಗ್ಗ, ಮಂಗಳೂರು, ಬೆಂಗಳೂರುಗಳ ವಿದ್ಯಾರ್ಥಿನಿಲಯಗಳನ್ನು ಸೇರುತ್ತಾರೆ. ಬೀಳ್ಕೊಡುವಾಗ ಹಿರಿಯರ ಬಾಯಲ್ಲಿ ಬರುವ ಮಾತೊಂದುಂಟು: “ಓದು ಹತ್ತದಿದ್ದರೆ ಬೇಡ ಬಿಡು ಮಗಾ, ಹೇಗೂ ತೋಟವಿದೆಯಲ್ಲ.”

ವಾತ್ಸಲ್ಯದ ಮಾತೇ ಸರಿ. ಆದರೆ ಅದರಿಂದ ಓದಿಗೂ ಹಿತವಿಲ್ಲ, ತೋಟಕ್ಕೂ ಹಿತವಿಲ್ಲ. ಬೆಲೆ ಏರಿಳಿಯುವ, ಮಳೆ ಹದ ತಪ್ಪುವ ಈ ಕಾಲದಲ್ಲಿ ಕಾಫಿ ಬೆಳೆ ಸೋತವರ ಆಶ್ರಯವಲ್ಲ. ಬುದ್ಧಿವಂತರನ್ನೇ ಬೇಡುವ ಕಸುಬು. ಇನ್ನು ಲೈನುಮನೆಗಳಲ್ಲಿ ಬೆಳೆದ ಕೂಲಿಕಾರರ ಮಕ್ಕಳಿಗೆ ಈ ಸಮಾಧಾನದ ಮಾತೂ ಇಲ್ಲ. ಅವರಿಗಿರುವುದು ಓದೊಂದೇ.

ಮೊದಲ ವರ್ಷದ ಮೌನ

ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿ ಇಂಗ್ಲಿಷಿನ ಪಾಠದ ಮುಂದೆ ಮೂಕನಾಗುವುದು ಸಾಮಾನ್ಯ. ಅರ್ಥವಾಗದ್ದನ್ನು ಕೇಳಲು ನಾಚಿಕೆ, ಕೇಳದಿದ್ದರೆ ಮರುದಿನದ ಪಾಠವೂ ಕತ್ತಲೆ. ಇದಕ್ಕೆ ಸುಲಭವಾದ ಉಪಾಯವೆಂದರೆ ಒಂದು ನೋಟ್ ಪುಸ್ತಕ. ಪ್ರತಿದಿನ ಹೊಸ ಪದಗಳನ್ನು ಬರೆದು, ಎದುರಿಗೆ ಕನ್ನಡದ ಅರ್ಥವನ್ನೂ ತನ್ನದೇ ಒಂದು ವಾಕ್ಯವನ್ನೂ ಬರೆಯಬೇಕು. ಒಂದೆರಡು ತಿಂಗಳಲ್ಲಿ ಭಯ ಇಳಿಯುತ್ತದೆ.

ತಾಯ್ತಂದೆಗಳು ಎಚ್ಚರ ವಹಿಸಬೇಕಾದ ವಿಷಯ ಇನ್ನೊಂದಿದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಅರೇಬಿಕಾ, ಆಮೇಲೆ ರೋಬಸ್ಟಾ ಎಂದು ಕುಯ್ಲು ನಡೆಯುವಾಗ, ಆಳು ಸಾಲದೆ ಮಕ್ಕಳನ್ನು ಮನೆಗೆ ಕರೆಸುವುದುಂಟು. ಪರೀಕ್ಷೆಗೆ ಕೂರಲು ನೂರಕ್ಕೆ 75ರಷ್ಟು ಹಾಜರಾತಿ ಬೇಕೆಂಬುದನ್ನು ಆಗ ಮರೆಯಬಾರದು.

ಬಲ್ಲದ್ದೇ ಬಂಡವಾಳ

“ನನಗೇನೂ ಗೊತ್ತಿಲ್ಲ” ಎನ್ನುವ ಹುಡುಗಿ ಅರೇಬಿಕಾ ಗಿಡದ ಕಾಂಡವನ್ನು ನೋಡಿಯೇ ಬಿಳಿ ಕಾಂಡಕೊರಕ ಹೊಕ್ಕಿದೆ ಎಂದು ಹೇಳಬಲ್ಲಳು. ಕಾಲೇಜಿನಲ್ಲಿ ಅದೇ ಹುಳು ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್ ಎಂಬ ಹೆಸರಿನಿಂದ ಎದುರಾಗುತ್ತದೆ, ಅಷ್ಟೆ. ಈ ತಿಳಿವಳಿಕೆಗೆ ಬೆಲೆಯೂ ಇದೆ: ಕೃಷಿ, ತೋಟಗಾರಿಕೆ ಪದವಿಗಳಲ್ಲಿ ರೈತರ ಮಕ್ಕಳಿಗಾಗಿ ಒಂದು ಪಾಲು ಸೀಟುಗಳು ಮೀಸಲಾಗಿದ್ದು, ಅವುಗಳಿಗಾಗಿ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಕಾದಂಬರಿಯನ್ನು ಓದಿದವರಿಗೆ ಇದು ಹೊಸತಲ್ಲ. ದೊಡ್ಡ ವಿಜ್ಞಾನಿ ಅಲ್ಲಿ ನೆಚ್ಚಿಕೊಳ್ಳುವುದು ಹಳ್ಳಿಯ ಮಂದಣ್ಣನ ಕಣ್ಣನ್ನು. ತೇಜಸ್ವಿಯವರಾದರೂ ಮೈಸೂರಿನಲ್ಲಿ ಎಂ.ಎ. ಓದಿ, ನೌಕರಿಯ ಹಾದಿ ಹಿಡಿಯದೆ, ಮೂಡಿಗೆರೆಯಲ್ಲಿ ತೋಟ ಮಾಡಿದವರು. ಅದು ಓದಿ ಆರಿಸಿಕೊಂಡ ಬಾಳು, ಗತ್ಯಂತರವಿಲ್ಲದೆ ಬಂದದ್ದಲ್ಲ.

ಮನೆಯ ಹತ್ತಿರದ ದಾರಿಗಳು

ವೈದ್ಯಕೀಯ, ಇಂಜಿನಿಯರಿಂಗ್ ಎಂಬ ಎರಡೇ ಬಾಗಿಲುಗಳಿವೆಯೆಂದು ಭಾವಿಸಿದವರು ಸುತ್ತಲೂ ಒಮ್ಮೆ ನೋಡಬೇಕು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿದೆ. ಬೆಳೆಗಾರರೆಲ್ಲ ಬಲ್ಲ ಎಸ್. 795 ತಳಿ ಅಲ್ಲಿಯದೇ. ಮೂಡಿಗೆರೆಯಲ್ಲಿ 1991ರಿಂದ ತೋಟಗಾರಿಕೆ ಕಾಲೇಜಿದೆ. ವಿಜ್ಞಾನ ಪದವೀಧರರಿಗೆ ಕಾಫಿ ಮಂಡಳಿಯು ಕಾಫಿಯ ಗುಣಮಟ್ಟ ನಿರ್ವಹಣೆಯಲ್ಲಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ರುಚಿ ನೋಡಿ ದರ್ಜೆ ಕಟ್ಟುವುದೂ ಒಂದು ವಿದ್ಯೆ. ಲೆಕ್ಕಶಾಸ್ತ್ರ, ವ್ಯಾಪಾರ ಕಲಿತವರೂ ಕಾಫಿ ಉದ್ಯಮಕ್ಕೆ ಬೇಕು.

ಹಾಗೆಂದು ತೋಟದ ಮಕ್ಕಳೆಲ್ಲ ತೋಟಕ್ಕೇ ಮರಳಬೇಕೆಂದಲ್ಲ. ಎಲ್ಲಿ ಹೋದರೂ ತಿಳಿದು ಹೋಗಲಿ, ಬಂದರೂ ತಿಳಿದು ಬರಲಿ. ಎರಡನೆಯ ವರ್ಷ ಮುಗಿಯುವುದರೊಳಗೆ ತಂದೆ ತಾಯಿ ಮಕ್ಕಳನ್ನು ಕೂರಿಸಿಕೊಂಡು ಮೂರು ಪ್ರಶ್ನೆಗಳನ್ನು ಕೇಳಲಿ: ಯಾವ ಪಾಠ ನಿನಗೆ ಬೇಸರ ತರಿಸುವುದಿಲ್ಲ? ಯಾವ ಕೆಲಸವನ್ನು ಯಾರೂ ಹೇಳದೆ ಮಾಡುತ್ತೀ? ಮುಂದಿನ ಓದಿಗೆ ಎಷ್ಟು ಖರ್ಚು, ಯಾವ ವಿದ್ಯಾರ್ಥಿವೇತನ ಸಿಗಬಹುದು? ಉತ್ತರ ತಡವಾದರೂ ಚಿಂತೆಯಿಲ್ಲ. ಅದು ಮಕ್ಕಳದೇ ಆಗಿರಲಿ.