ಯೀಸ್ಟ್ ಪತ್ತೆಗೆ ಅವಕೆಂಪು ಬೆಳಕು

ನಾಯಿ ಮತ್ತೆ ಮತ್ತೆ ತಲೆ ಕೊಡವಿ ಕಿವಿ ಕೆರೆದುಕೊಳ್ಳುತ್ತಿದ್ದರೆ ಒಳಗೆ ಮಲಾಸೀಜಿಯಾ ಎಂಬ ಯೀಸ್ಟ್ ಹೆಚ್ಚಿರಬಹುದು. ಹಸುವಿನ ಕೆಚ್ಚಲು ಬಾವಿಗೂ ತೀವ್ರ ನಿಗಾ ಘಟಕದ ರೋಗಿಯ ರಕ್ತದ ಸೋಂಕಿಗೂ ಕ್ಯಾಂಡಿಡಾ ಕುಲದ ಯೀಸ್ಟ್‌ಗಳು ಕಾರಣವಾಗುವುದುಂಟು. ಸೂಕ್ಷ್ಮದರ್ಶಕದಲ್ಲಿ ಇವುಗಳಲ್ಲಿ ಹೆಚ್ಚಿನವು ಮೊಗ್ಗೊಡೆಯುವ ಗುಂಡು ಕೋಶಗಳಷ್ಟೇ. ಆದರೆ ಪ್ರಭೇದ ತಿಳಿಯದೆ ಔಷಧ ಆರಿಸುವುದು ಕಷ್ಟ: ಕ್ಯಾಂಡಿಡಾ ಅಲ್ಬಿಕಾನ್ಸ್‌ಗೆ ಸಾಮಾನ್ಯವಾಗಿ ನಾಟುವ ಫ್ಲುಕೊನಝೋಲ್, ಕ್ಯಾಂಡಿಡಾ ಕ್ರೂಸಿಗೆ ಸಹಜವಾಗಿಯೇ ನಾಟುವುದಿಲ್ಲ.

ಯಾವ ಸಕ್ಕರೆಯನ್ನು ತಿನ್ನುತ್ತದೆ ಎಂದು ನೋಡಿ ಯೀಸ್ಟನ್ನು ಗುರುತಿಸುವುದು ಹಳೆಯ ಕ್ರಮ. ಅದಕ್ಕೆ ಒಂದೆರಡು ದಿನ ಕಾಯಬೇಕು, ತಪ್ಪೂ ಆಗುತ್ತದೆ. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಿಂದ ಬೆಳಕಿಗೆ ಬಂದ ಕ್ಯಾಂಡಿಡಾ ಆರಿಸ್ ಅನ್ನು ಇಂಥ ಪರೀಕ್ಷೆಗಳು ಎಷ್ಟೋ ಸಲ ಕ್ಯಾಂಡಿಡಾ ಹೀಮುಲೋನಿ ಎಂದೇ ಹೇಳಿಬಿಟ್ಟಿವೆ.

ಅವಕೆಂಪು ರೋಹಿತಮಾಪಕ ಯೀಸ್ಟಿನ ಊಟವನ್ನಲ್ಲ, ಮೈಯನ್ನೇ ಪರೀಕ್ಷಿಸುತ್ತದೆ. ಅಣುಗಳಲ್ಲಿನ ಪರಮಾಣು ಬಂಧಗಳು ಸದಾ ಕಂಪಿಸುತ್ತಿರುತ್ತವೆ. ತಮ್ಮ ಕಂಪನಕ್ಕೆ ಹೊಂದುವ ಅವಕೆಂಪು ಕಿರಣವನ್ನು ಹೀರಿಕೊಳ್ಳುತ್ತವೆ. ಸೆಂಟಿಮೀಟರಿಗೆ 2800ರಿಂದ 3000 ಅಲೆಗಳಿರುವ ಕಡೆ ಕೊಬ್ಬಿನ ಗುರುತು, 1500ರಿಂದ 1700ರಲ್ಲಿ ಪ್ರೋಟೀನಿನದು, 900ರಿಂದ 1200ರಲ್ಲಿ ಕೋಶಭಿತ್ತಿಯ ಗ್ಲುಕಾನ್, ಮನ್ನಾನ್‌ಗಳದು. ಬೇಳೆ, ಹುಣಸೆ, ಮೆಣಸು ಅವೇ ಆದರೂ ಮನೆಮನೆಯ ಸಾರು ಬೇರೆಯಾಗುವ ಹಾಗೆ, ಈ ವಸ್ತುಗಳ ಪಾಕ ಒಂದೊಂದು ಪ್ರಭೇದಕ್ಕೂ ಬೇರೆ. ಬ್ಯಾಕ್ಟೀರಿಯಾಗಳನ್ನು ಹೀಗೆ ಗುರುತಿಸಬಹುದೆಂದು 1991ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದವರು ಬರ್ಲಿನ್‌ನ ರಾಬರ್ಟ್ ಕಾಖ್ ಸಂಸ್ಥೆಯ ಡೀಟರ್ ನೌಮನ್ ಮತ್ತು ಸಂಗಡಿಗರು. ಯೀಸ್ಟಿನ ಸರದಿ ಆಮೇಲೆ ಬಂತು.

ಕೆಲಸ ಸರಳ. ತಟ್ಟೆಯಲ್ಲಿ ಬೆಳೆದ ಯೀಸ್ಟನ್ನು ಚೂರು ಕೆರೆದು, ನೀರಿನಲ್ಲಿ ಕದಡಿ, ಒಂದು ತೊಟ್ಟನ್ನು ಅವಕೆಂಪು ಹಾಯುವ ಸಿಲಿಕಾನ್ ಅಥವಾ ಝಿಂಕ್ ಸೆಲೆನೈಡ್ ಬಿಲ್ಲೆಯ ಮೇಲೆ ಒಣಗಿಸುತ್ತಾರೆ. ಪೂರ್ತಿ ಒಣಗಲೇಬೇಕು, ನೀರು 1640ರ ಆಸುಪಾಸಿನಲ್ಲಿ ಕಿರಣ ಹೀರಿ ಪ್ರೋಟೀನಿನ ಗುರುತನ್ನು ಮುಚ್ಚಿಹಾಕುತ್ತದೆ. ಆಮೇಲೆ ನಿಮಿಷದೊಳಗೆ ಏರಿಳಿತದ ರೇಖೆ ಮೂಡುತ್ತದೆ. ಅದನ್ನು ಕಂಪ್ಯೂಟರ್ ತನ್ನಲ್ಲಿರುವ ರೇಖೆಗಳೊಂದಿಗೆ ಹೋಲಿಸುತ್ತದೆ. ದುಬಾರಿ ರಾಸಾಯನಿಕಗಳು ಬೇಕಿಲ್ಲ.

ಕಟ್ಟುನಿಟ್ಟು ಮಾತ್ರ ಬೇಕು. ಬೆಳೆಸುವ ಆಹಾರ, ಉಷ್ಣತೆ, ಅವಧಿ ಬದಲಾದರೆ ಯೀಸ್ಟಿನ ಮೈಯೂ ಬದಲಾಗಿ ರೇಖೆ ಕದಲುತ್ತದೆ. ಸಂಗ್ರಹದಲ್ಲಿ ಇಲ್ಲದ ಪ್ರಭೇದಕ್ಕೆ ಯಂತ್ರ ಹೆಸರು ಹೇಳಲಾರದು; ಆಗ ಡಿಎನ್‌ಎ ಓದಿಯೇ ತೀರ್ಮಾನಿಸಬೇಕು. ಹಾಗೆ ಖಚಿತವಾದ ಯೀಸ್ಟಿನ ರೇಖೆಗಳನ್ನು ಸಂಗ್ರಹಕ್ಕೆ ಸೇರಿಸಿಟ್ಟರೆ, ಮುಂದೆ ಅದು ರೋಗಿಯ ರಕ್ತದಿಂದ ಬರಲಿ, ಹಸುವಿನ ಹಾಲಿನಿಂದ ಬರಲಿ, ಅದೇ ಯಂತ್ರವೇ ಗುರುತು ಹಿಡಿಯುತ್ತದೆ.